ಇಂಟರ್‌ನೆಟ್ ಹಾದಿಯ ದನಿಯೂ ಹ್ಯಾಮ್ ರೇಡಿಯೋವೇ?

(ಸೊಕ್ಕೆಯಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

 

ಇಂದು ನಾನು ಎತ್ತಿಕೊಂಡಿರುವ ವಿಷಯ ಹವ್ಯಾಸಿ ರೇಡಿಯೋ. ಜನ ಇದನ್ನು ಹ್ಯಾಮ್ ರೇಡಿಯೋ ಎಂದೇ ಕರೆಯುತ್ತಾರೆ. ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ತನ್ನ ಮನೆಯಲ್ಲಿಯೇ ಒಂದು ಪುಟ್ಟ ನಿಸ್ತಂತು ಕೇಂದ್ರ ಇಟ್ಟುಕೊಂಡು, ಲಾಭದ ಆಸೆಯಿಲ್ಲದೆ ಬೇರೆ ಊರಿನ, ಬೇರೆ ದೇಶದ ಹವ್ಯಾಸಿಗಳೊಡನೆ ಮಾತನಾಡುವುದೇ ಈ ಹವ್ಯಾಸ. ಈ ಹವ್ಯಾಸಿಗಳ ನಡುವೆ ಹಲವು ವರ್ಷಗಳಿಂದ ಒಂದು ಜಗಳ ನಡೆದಿದೆ. ಕೈಯಲ್ಲಿ ಹಿಡಿಯುವ ಡಿಜಿಟಲ್ ಸೆಟ್ಟಿನಲ್ಲಿ ಮಾತನಾಡಿದರೆ ಆ ದನಿ ಮೇಜಿನ ಮೇಲಿನ ಒಂದು ಪುಟ್ಟ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಇಂಟರ್‌ನೆಟ್ ಹಿಡಿದು ಲಂಡನ್ನಿಗೋ ಟೋಕಿಯೋಗೋ ತಲುಪುತ್ತದೆ. ಇದನ್ನು ನಿಜವಾದ ಹ್ಯಾಮ್ ರೇಡಿಯೋ ಎನ್ನಬಹುದೇ, ಅಥವಾ ಇದು ಮೊಬೈಲ್ ಫೋನಿಗೆ ಹಾಕಿದ ಇನ್ನೊಂದು ವೇಷವೇ?

ಸೊಕ್ಕೆಯಲ್ಲಿ ಕುಳಿತ ನಮಗೆ ಈ ಜಗಳ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಿಮ್ಮಲ್ಲಿ ಯಾರಾದರೂ ನಾಳೆ ಈ ಹವ್ಯಾಸಕ್ಕೆ ಕಾಲಿಟ್ಟರೆ ಮೊದಲು ಎದುರಾಗುವ ಪ್ರಶ್ನೆಯೇ ಇದು. ಕೂಡಿಟ್ಟ ನಾಲ್ಕು ಕಾಸನ್ನು ಯಾವುದರ ಮೇಲೆ ಹಾಕಬೇಕು, ಎರಡು ಮೂರು ವರ್ಷದ ಬಿಡುವಿನ ವೇಳೆಯನ್ನು ಏನು ಕಲಿಯಲು ಕೊಡಬೇಕು ಎಂಬುದನ್ನು ನಿರ್ಧರಿಸುವುದೂ ಇದೇ ಪ್ರಶ್ನೆ. ದೊಡ್ಡ ಪಟ್ಟಣದ ಹುಡುಗ ತಪ್ಪು ದಾರಿ ಹಿಡಿದರೆ ಮತ್ತೊಂದು ಸೆಟ್ಟು ಕೊಂಡಾನು. ಮಳೆ ನಂಬಿ ಬದುಕುವ ಜಗಳೂರು ಸೀಮೆಯ ಮಕ್ಕಳಿಗೆ ಅಂಥ ಅನುಕೂಲ ಇಲ್ಲ.

ಮೊದಲು ಸ್ವಲ್ಪ ಚರಿತ್ರೆ

ಈ ನಾಡಿಗೆ ರೇಡಿಯೋ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಒಂದು ಸಣ್ಣ ಪ್ರಸಾರ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದೇ. ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಗೆ ಅದೇ ಹೆಸರಾಯಿತು. ಅದು ಪ್ರಸಾರ ಕೇಂದ್ರ, ಹ್ಯಾಮ್ ಕೇಂದ್ರವಲ್ಲ, ನಿಜ. ಆದರೆ ಕುತೂಹಲದಿಂದ, ಸ್ವಂತ ದುಡಿಮೆಯಿಂದ ಒಬ್ಬ ಮೇಷ್ಟ್ರು ಮನೆಯಿಂದಲೇ ದನಿಯನ್ನು ಗಾಳಿಗೆ ಬಿಟ್ಟರಲ್ಲ, ಆ ಮನಸ್ಸೇ ಹವ್ಯಾಸಿಯ ಮನಸ್ಸು.

ಜಗತ್ತಿನ ಹವ್ಯಾಸಿಗಳೆಲ್ಲ ಸೇರಿ 1925ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದರು. ಅದರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 18ನ್ನು ವಿಶ್ವ ಹವ್ಯಾಸಿ ರೇಡಿಯೋ ದಿನವೆಂದು ಆಚರಿಸುತ್ತಾರೆ. 2025ಕ್ಕೆ ಆ ಒಕ್ಕೂಟಕ್ಕೆ ನೂರು ವರ್ಷ ತುಂಬಿತು. ನಮ್ಮ ರಾಜ್ಯದ ಹೆಮ್ಮೆಯ ವಿಷಯವೂ ಒಂದಿದೆ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ತಯಾರಾದ 'ಹ್ಯಾಮ್‌ಸ್ಯಾಟ್' ಎಂಬ 42.5 ಕಿಲೋ ತೂಕದ ಪುಟ್ಟ ಉಪಗ್ರಹವನ್ನು 2005ರ ಮೇ 5ರಂದು ಕಾರ್ಟೋಸ್ಯಾಟ್-1ರ ಜೊತೆಯಲ್ಲಿ ಶ್ರೀಹರಿಕೋಟಾದಿಂದ ಹಾರಿಸಲಾಯಿತು. ಹವ್ಯಾಸಿಗಳಿಗೆಂದೇ ಮಾಡಿದ ಆ ಉಪಗ್ರಹ 2014ರವರೆಗೆ ಕೆಲಸ ಮಾಡಿತು. ಅದರೊಳಗಿನ ಎರಡು ಮರುಪ್ರಸಾರ ಯಂತ್ರಗಳಲ್ಲಿ ಒಂದು ಭಾರತದ್ದು. ಇನ್ನೊಂದನ್ನು ರೂಪಿಸಿದವನು ನೆದರ್ಲೆಂಡ್ಸ್ ದೇಶದ ಒಬ್ಬ ವಿದ್ಯಾರ್ಥಿ. ವಿದ್ಯಾರ್ಥಿ ಎಂಬ ಮಾತನ್ನು ನೀವು ಗಮನಿಸಬೇಕು.

ಎರಡು ಬೇರೆ ಸಂಗತಿಗಳನ್ನು ಬೆರೆಸಬಾರದು

ಈ ಚರ್ಚೆಯಲ್ಲಿ ಬಹಳ ಮಂದಿ ಎಡವುವುದು ಒಂದು ಕಡೆ. 'ಡಿಜಿಟಲ್' ಎಂಬುದು ಒಂದು ಸಂಗತಿ, 'ಇಂಟರ್‌ನೆಟ್' ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದು ತಿಳಿದು ಜಗಳವಾಡಿದರೆ ಜಗಳ ಮುಗಿಯುವುದಿಲ್ಲ.

ಡಿಜಿಟಲ್ ಎಂದರೆ ನಿಮ್ಮ ದನಿಯನ್ನು ಸೊನ್ನೆ ಮತ್ತು ಒಂದರ ಅಂಕಿಗಳಾಗಿ ಮಾರ್ಪಡಿಸಿ ಕಳಿಸುವುದು. ಜಪಾನಿನ ಹವ್ಯಾಸಿಗಳ ಸಂಸ್ಥೆ ರೂಪಿಸಿದ 'ಡಿ-ಸ್ಟಾರ್', ಯುರೋಪಿನ ಮಾನಕ ಸಂಸ್ಥೆ 2005ರಲ್ಲಿ ಪ್ರಕಟಿಸಿದ 'ಡಿಎಂಆರ್', ಯೇಸು ಕಂಪನಿಯ 'ಸಿಸ್ಟಮ್ ಫ್ಯೂಷನ್' ಈ ಜಾತಿಯವು. ಡಿಎಂಆರ್ ಪದ್ಧತಿಯಲ್ಲಿ 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲಿನಲ್ಲಿ ಕಾಲವನ್ನು ಸಣ್ಣ ಸಣ್ಣ ತುಣುಕು ಮಾಡಿ ಎರಡು ಮಾತುಕತೆಗಳನ್ನು ಒಟ್ಟಿಗೆ ನಡೆಸಬಹುದು. ಇಬ್ಬರು ಹವ್ಯಾಸಿಗಳು ಇಂಥ ಎರಡು ಸೆಟ್ಟು ಹಿಡಿದು ಒಬ್ಬ ಸೊಕ್ಕೆಯ ಮಾಳಿಗೆ ಮೇಲೆ, ಇನ್ನೊಬ್ಬ ಪಕ್ಕದ ಊರಿನ ಗುಡ್ಡದ ಮೇಲೆ ನಿಂತು ನೇರವಾಗಿ ಮಾತನಾಡಿದರೆ ಅದರಲ್ಲಿ ಇಂಟರ್‌ನೆಟ್ಟಿನ ಸುಳಿವೇ ಇಲ್ಲ. ಅದು ಡಿಜಿಟಲ್, ಅದು ಪೂರ್ತಿ ರೇಡಿಯೋ.

ಇನ್ನೊಂದು ಕಡೆ 2002ರಲ್ಲಿ ಬಂದ 'ಎಕೋಲಿಂಕ್' ನೋಡಿ. ಅದರಲ್ಲಿ ಹಳೆಯ ಮಾದರಿಯ ಸಾಧಾರಣ ರೇಡಿಯೋ ಸೆಟ್ಟನ್ನೇ ಗಣಕಯಂತ್ರಕ್ಕೆ ಜೋಡಿಸಿ ಇಂಟರ್‌ನೆಟ್ ಮೂಲಕ ದೂರಕ್ಕೆ ದಾಟಿಸುತ್ತಾರೆ. ಗಾಳಿಯಲ್ಲಿ ಹೋಗುವ ದನಿ ಡಿಜಿಟಲ್ ಅಲ್ಲ. ಆದರೆ ದಾರಿ ಇಂಟರ್‌ನೆಟ್ಟಿನದು. ಅಷ್ಟೇ ಅಲ್ಲ, ಪರವಾನಗಿ ಇದ್ದವರು ರೇಡಿಯೋ ಸೆಟ್ಟೇ ಇಲ್ಲದೆ ಬರೀ ಗಣಕಯಂತ್ರದಿಂದ ಅಥವಾ ಫೋನಿನಿಂದ ಅದರೊಳಗೆ ಸೇರಬಹುದು. ಇಬ್ಬರೂ ಹಾಗೆ ಸೇರಿದರೆ ಗಾಳಿಗೆ ಒಂದು ತರಂಗವೂ ಹೋಗುವುದಿಲ್ಲ.

ಆದ್ದರಿಂದ ಪ್ರಶ್ನೆ ಡಿಜಿಟಲ್ ದನಿಯದ್ದಲ್ಲ. ನಡುವಿನ ದಾರಿ ಯಾರದು ಎಂಬುದು.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ

ಇಂದು ಹೆಚ್ಚು ಜನ ಬಳಸುವ 'ಹಾಟ್‌ಸ್ಪಾಟ್' ಎಂಬ ಪುಟ್ಟ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಅದರೊಳಗೆ ಅಂಗೈಯಗಲದ ಒಂದು ಗಣಕಯಂತ್ರ, ಅದಕ್ಕೆ ಹೊಂದಿಕೊಂಡು ಒಂದು ಸಣ್ಣ ರೇಡಿಯೋ ಹಲಗೆ. ಅದರ ಶಕ್ತಿ ಸುಮಾರು 10 ಮಿಲಿವ್ಯಾಟ್, ಅಂದರೆ ಒಂದು ವ್ಯಾಟಿನ ನೂರನೇ ಒಂದು ಪಾಲು. ನೀವು ಕೈಸೆಟ್ಟಿನಲ್ಲಿ ಮಾತನಾಡುತ್ತೀರಿ. ದನಿ ಅಂಕಿಗಳಾಗಿ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ರೇಡಿಯೋ ತರಂಗದಲ್ಲಿ ಹೋಗುತ್ತದೆ. ಪೆಟ್ಟಿಗೆ ಅದನ್ನು ಹಿಡಿದು ನಿಮ್ಮ ಮನೆಯ ಇಂಟರ್‌ನೆಟ್ಟಿಗೆ ಕೊಡುತ್ತದೆ. ಎಲ್ಲೋ ಇರುವ ಸರ್ವರ್ ಆ ಗುಂಪಿಗೆ ಸೇರಿದ ಎಲ್ಲರ ಪೆಟ್ಟಿಗೆಗಳಿಗೆ ಅದನ್ನು ಹಂಚುತ್ತದೆ. ಲಂಡನ್ನಿನ ಹವ್ಯಾಸಿಯ ಕೋಣೆಯಲ್ಲಿಯೂ ಇಂಥದೇ ಒಂದು ಪೆಟ್ಟಿಗೆ ನಿಮ್ಮ ದನಿಯನ್ನು ಮತ್ತೆ ತರಂಗ ಮಾಡಿ ಆತನ ಕೈಸೆಟ್ಟಿಗೆ ಮುಟ್ಟಿಸುತ್ತದೆ.

ಇಲ್ಲಿಂದ ಲಂಡನ್ನಿಗೆ ಸುಮಾರು ಎಂಟು ಸಾವಿರ ಕಿಲೋಮೀಟರ್ ದೂರ. ಅದರಲ್ಲಿ ರೇಡಿಯೋ ನಡೆದದ್ದು ಈ ಕಡೆ ಐದು ಮೀಟರ್, ಆ ಕಡೆ ಐದು ಮೀಟರ್. ಉಳಿದದ್ದೆಲ್ಲ ಸಮುದ್ರದಡಿಯ ತಂತಿ, ಕಂಪನಿಗಳ ಯಂತ್ರ, ಬೇರೆಯವರ ವಿದ್ಯುತ್ತು.

ಈಗ ಇನ್ನೊಂದು ದಾರಿ ನೋಡಿ. 7 ಮೆಗಾಹರ್ಟ್ಸ್ ಪಟ್ಟಿಗೆ ಬೇಕಾದ ಆಂಟೆನಾ ಎಂದರೆ ಸುಮಾರು 20 ಮೀಟರ್ ತಾಮ್ರದ ತಂತಿ, ನಡುವೆ ಕತ್ತರಿಸಿ ಎರಡು ಕಡೆಗೆ ಕಟ್ಟಿದ್ದು. ಎರಡು ತೆಂಗಿನ ಮರವಿದ್ದರೆ ಸಾಕು. ಹಗಲು ಹೊತ್ತಿನಲ್ಲಿ ಈ ತರಂಗ ಮೇಲಕ್ಕೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಬಿಸಿಲು ಹುಟ್ಟಿಸಿದ ವಿದ್ಯುದಾವೇಶದ ಪದರಕ್ಕೆ ತಾಗಿ, ತಿರುಗಿ ಭೂಮಿಗೆ ಬರುತ್ತದೆ. ಸೊಕ್ಕೆಯಿಂದ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಎಲ್ಲಕ್ಕೂ ಈ ಹಾದಿಯಲ್ಲಿ ಮಾತು ಮುಟ್ಟುತ್ತದೆ. ಇರುಳಾದರೆ ಪದರ ಬದಲಾಗಿ ದೂರದ ಊರು ಹತ್ತಿರ, ಹತ್ತಿರದ ಊರು ದೂರ. ಸೂರ್ಯನ ಮೇಲೆ ಕಲೆಗಳು ಹೆಚ್ಚಿದ ವರ್ಷ ಒಂದು ಬಗೆ, ಕಡಿಮೆಯಾದ ವರ್ಷ ಇನ್ನೊಂದು ಬಗೆ. ಇಲ್ಲಿ ನಡುವೆ ಯಾರ ಕಂಪನಿಯೂ ಇಲ್ಲ, ಯಾರ ತಂತಿಯೂ ಇಲ್ಲ. ನಿಮ್ಮ ಬ್ಯಾಟರಿ, ನಿಮ್ಮ ತಂತಿ, ಮೇಲಿನ ಆಕಾಶ, ಅಷ್ಟೇ.

ಇದನ್ನು ಅನುಭವಿಸಿದ ಹಳೆಯ ಹ್ಯಾಮ್‌ಗಳು ಹಾಟ್‌ಸ್ಪಾಟ್ ನೋಡಿ ಮುಖ ಸಿಂಡರಿಸಿದರೆ ಆಶ್ಚರ್ಯವಿಲ್ಲ.

ಹಳಬರ ದೂರು ಹೊಸದಲ್ಲ

ಆದರೆ ಹಳಬರ ಮಾತನ್ನು ಹಾಗೆಯೇ ಒಪ್ಪಿಕೊಳ್ಳುವ ಮುಂಚೆ ಚರಿತ್ರೆಯನ್ನೊಮ್ಮೆ ನೋಡಬೇಕು. 'ಇದು ನಿಜವಾದ ರೇಡಿಯೋ ಅಲ್ಲ' ಎಂಬ ಮಾತು ಪ್ರತಿ ತಲೆಮಾರಿನಲ್ಲೂ ಬಂದಿದೆ. ಮೋರ್ಸ್ ಸಂಕೇತದ ಕಟ್-ಕಡ ಬಡಿಯುತ್ತಿದ್ದವರಿಗೆ ಬಾಯಲ್ಲಿ ಮಾತನಾಡುವವರು ಸೋಮಾರಿಗಳಾಗಿ ಕಂಡರು. ಆಮೇಲೆ ಒಂದು ಪಾರ್ಶ್ವಪಟ್ಟಿಯ ದನಿ ಬಂದಾಗ, ಅದು ಬಾತುಕೋಳಿಯ ಕೂಗು ಎಂದು ಹಳೆಯ ದನಿಯವರು ನಕ್ಕರು. ಗುಡ್ಡದ ಮೇಲೆ ರಿಪೀಟರ್ ಇಟ್ಟಾಗ, ಬೇರೆಯವರ ಯಂತ್ರದ ಬಲದಿಂದ ಮಾತನಾಡುವುದು ಯಾವ ಸಾಧನೆ ಎಂದರು. 2003ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಮೋರ್ಸ್ ಪರೀಕ್ಷೆ ಕಡ್ಡಾಯ ಎಂಬ ಅಂತರರಾಷ್ಟ್ರೀಯ ನಿಯಮವನ್ನು ತೆಗೆದು ಆಯಾ ದೇಶದ ಇಷ್ಟಕ್ಕೆ ಬಿಟ್ಟಾಗ, ಹವ್ಯಾಸವೇ ಮುಗಿಯಿತು ಎಂದವರಿದ್ದರು. ಮುಗಿಯಲಿಲ್ಲ.

2017ರಲ್ಲಿ 'ಎಫ್‌ಟಿ8' ಎಂಬ ಹೊಸ ವಿಧಾನ ಬಂತು. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು ಜೋ ಟೇಲರ್. 1993ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ವಿಜ್ಞಾನಿ, ಜೊತೆಗೆ ಹ್ಯಾಮ್. ಅದರಲ್ಲಿ 15 ಸೆಕೆಂಡಿಗೊಮ್ಮೆ ಗಣಕಯಂತ್ರಗಳು ಸಣ್ಣ ಸಂದೇಶ ಕಳಿಸಿಕೊಳ್ಳುತ್ತವೆ. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ತರಂಗವನ್ನೂ ಯಂತ್ರ ಓದುತ್ತದೆ. ಇಲ್ಲಿ ತರಂಗ ಪೂರ್ತಿ ಆಕಾಶದಲ್ಲಿಯೇ ಹೋಗುತ್ತದೆ, ಆದರೆ ಮನುಷ್ಯನ ಮಾತು ಇಲ್ಲವೇ ಇಲ್ಲ. ಹಾಟ್‌ಸ್ಪಾಟಿನಲ್ಲಿ ಮನುಷ್ಯನ ಮಾತಿದೆ, ಆದರೆ ತರಂಗ ಕೋಣೆ ದಾಟುವುದಿಲ್ಲ. ಈಗ ಹೇಳಿ, ಇವೆರಡರಲ್ಲಿ ಯಾವುದು ಹೆಚ್ಚು ನಿಜ? ಒಂದೇ ಗಜಕಡ್ಡಿ ಹಿಡಿದು ಎರಡನ್ನೂ ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಅಳೆಯಲು ಮೂರು ಪ್ರಶ್ನೆಗಳು

ಅಂತರರಾಷ್ಟ್ರೀಯ ರೇಡಿಯೋ ನಿಯಮಗಳಲ್ಲಿ ಹವ್ಯಾಸಿ ಸೇವೆಗೆ ಒಂದು ವ್ಯಾಖ್ಯೆ ಇದೆ. ಅದರ ಸಾರ ಇಷ್ಟು: ಸ್ವಂತ ಕಲಿಕೆ, ಪರಸ್ಪರ ಸಂಪರ್ಕ, ತಾಂತ್ರಿಕ ಶೋಧನೆ, ಈ ಮೂರಕ್ಕಾಗಿ, ರೇಡಿಯೋ ತಂತ್ರದಲ್ಲಿ ಆಸಕ್ತಿಯುಳ್ಳ, ಅಧಿಕೃತ ಅನುಮತಿ ಪಡೆದ ವ್ಯಕ್ತಿಗಳು ಹಣದ ಆಸೆಯಿಲ್ಲದೆ ನಡೆಸುವ ಸೇವೆ. ಗಮನಿಸಿ, ಮೊದಲು ಬಂದದ್ದು ಕಲಿಕೆ. ಇದನ್ನು ಮುಂದಿಟ್ಟುಕೊಂಡು ನಾನು ಮೂರು ಪ್ರಶ್ನೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ.

ಒಂದನೆಯದು, ಪರವಾನಗಿ ಇರುವ ವ್ಯಕ್ತಿ ಹವ್ಯಾಸಿಗಳಿಗೆ ಕೊಟ್ಟ ಪಟ್ಟಿಯಲ್ಲಿ ತರಂಗ ಬಿಡುತ್ತಿದ್ದಾನೆಯೇ? ಹಾಟ್‌ಸ್ಪಾಟ್ ಬಳಸುವವನು ಬಿಡುತ್ತಿದ್ದಾನೆ. ಐದು ಮೀಟರಾದರೂ ಅದು ತರಂಗವೇ. ಅದಕ್ಕೆ ಪರವಾನಗಿ ಬೇಕೇ ಬೇಕು, ಕಾಲ್‌ಸೈನ್ ಹೇಳಲೇಬೇಕು. ಈ ಲೆಕ್ಕದಲ್ಲಿ ಅದು ಹ್ಯಾಮ್ ರೇಡಿಯೋ. ಬರೀ ಫೋನಿನಿಂದ ಫೋನಿಗೆ ಎಕೋಲಿಂಕ್ ಮಾಡಿದವರು ತರಂಗ ಬಿಟ್ಟಿಲ್ಲ. ಅದು ಹ್ಯಾಮ್‌ಗಳ ನಡುವಿನ ಮಾತುಕತೆಯೇ ಹೊರತು ಹ್ಯಾಮ್ ರೇಡಿಯೋ ಅಲ್ಲ.

ಎರಡನೆಯದು, ದೂರವನ್ನು ದಾಟಿಸಿದ್ದು ಯಾರು? ನಿಮ್ಮ ಆಂಟೆನಾವೇ, ಕಂಪನಿಯ ಜಾಲವೇ? ಹಾಟ್‌ಸ್ಪಾಟಿನಲ್ಲಿ ಕಂಪನಿಯ ಜಾಲ. ಹವ್ಯಾಸಿಗಳ ಲೋಕವೇ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. ಅಮೆರಿಕದ ಹವ್ಯಾಸಿಗಳ ಸಂಸ್ಥೆ ಕೊಡುವ ಡಿಎಕ್ಸ್‌ಸಿಸಿ ಎಂಬ ಪ್ರಶಸ್ತಿಗೆ ನೂರು ದೇಶ ಅಥವಾ ಪ್ರದೇಶಗಳ ಹವ್ಯಾಸಿಗಳ ಸಂಪರ್ಕ ಸಾಧಿಸಬೇಕು. ರಿಪೀಟರ್ ಮೂಲಕ, ಇಂಟರ್‌ನೆಟ್ ಜೋಡಣೆಯ ಮೂಲಕ ಮಾಡಿದ ಸಂಪರ್ಕ ಅದರ ಲೆಕ್ಕಕ್ಕೆ ಬರುವುದಿಲ್ಲ. ಮಾತನಾಡಬಾರದು ಎಂದು ಯಾರೂ ಹೇಳಿಲ್ಲ, ಎಣಿಸಬೇಡಿ ಎಂದಿದ್ದಾರೆ. ಬಹಳ ನ್ಯಾಯವಾದ ಮಾತು.

ಮೂರನೆಯದು, ಇದರಿಂದ ನೀವು ಏನು ಕಲಿತಿರಿ? ಇದಕ್ಕೆ ಉತ್ತರ ಯಂತ್ರದಲ್ಲಿಲ್ಲ, ನಿಮ್ಮಲ್ಲಿದೆ. ಪೆಟ್ಟಿಗೆಯನ್ನು ಅಂಗಡಿಯಿಂದ ತಂದು, ಗುಂಡಿ ಒತ್ತಿ ಮಾತನಾಡಿ ಮಲಗಿದರೆ ಫೋನಿನಲ್ಲಿ ಕಲಿಯುವುದಕ್ಕಿಂತ ಹೆಚ್ಚೇನೂ ಕಲಿತಿಲ್ಲ. ಅದೇ ಪೆಟ್ಟಿಗೆಯನ್ನು ಬಿಚ್ಚಿ, ಅದರ ತಂತ್ರಾಂಶವನ್ನು ತಾನೇ ಅಳವಡಿಸಿ, ದನಿ ಅಂಕಿಯಾಗುವ ಬಗೆಯನ್ನು ಅರ್ಥ ಮಾಡಿಕೊಂಡರೆ ಅದು ಇಂಜಿನಿಯರಿಂಗ್ ಪಾಠಕ್ಕೆ ಸಮ.

ಇಲ್ಲೊಂದು ಸೂಕ್ಷ್ಮವಿದೆ. ಡಿ-ಸ್ಟಾರ್, ಡಿಎಂಆರ್, ಫ್ಯೂಷನ್ ಇವುಗಳಲ್ಲಿ ದನಿಯನ್ನು ಅಂಕಿ ಮಾಡುವ ಸೂತ್ರ ಒಂದು ಖಾಸಗಿ ಕಂಪನಿಗೆ ಸೇರಿದ್ದು. ಅದನ್ನು ಬಿಚ್ಚಿ ನೋಡಿ ಕಲಿಯುವ ಅವಕಾಶವನ್ನು ಆ ಕಂಪನಿ ಕೊಟ್ಟಿಲ್ಲ. ಇದನ್ನು ಸಹಿಸದೆ ಆಸ್ಟ್ರೇಲಿಯಾದ ಡೇವಿಡ್ ರೋ ಎಂಬ ಹವ್ಯಾಸಿ 'ಕೋಡೆಕ್ 2' ಎಂಬ ಮುಕ್ತ ಸೂತ್ರವನ್ನು ಬರೆದು ಎಲ್ಲರಿಗೂ ಕೊಟ್ಟರು. ಅದನ್ನು ಬಳಸಿ ಇಂಟರ್‌ನೆಟ್ಟಿನ ಹಂಗಿಲ್ಲದೆ ಆಕಾಶದ ಹಾದಿಯಲ್ಲಿಯೇ ಡಿಜಿಟಲ್ ದನಿ ಕಳಿಸಬಹುದು. ಪೋಲೆಂಡಿನಲ್ಲಿ ಆರಂಭವಾದ 'ಎಂ17' ಎಂಬ ಪದ್ಧತಿಯೂ ಇದೇ ಸೂತ್ರದ ಮೇಲೆ ನಿಂತಿದೆ. ಗಣಿತ, ವಿಜ್ಞಾನ ಓದುವ ವಿದ್ಯಾರ್ಥಿಗಳು ಗಮನ ಹರಿಸಬೇಕಾದದ್ದು ಇಲ್ಲಿ. ಮುಚ್ಚಿದ ಪೆಟ್ಟಿಗೆಗಿಂತ ತೆರೆದ ಪುಸ್ತಕ ಮೇಲು.

ಒಂದು ಹೋಲಿಕೆ ಕೊಡುತ್ತೇನೆ. ರಂಜಾನಿನ ಕೊನೆಯ ಸಂಜೆ ಮಾಳಿಗೆ ಹತ್ತಿ ಪಶ್ಚಿಮದ ಅಂಚಿನಲ್ಲಿ ಎಳೆ ಚಂದ್ರನನ್ನು ಹುಡುಕುವವರಿದ್ದಾರೆ. ಚಂದ್ರ ಕಂಡ ಸುದ್ದಿಯನ್ನು ಫೋನಿನಲ್ಲಿ ಕೇಳುವವರೂ ಇದ್ದಾರೆ. ಮರುದಿನ ಇಬ್ಬರ ಮನೆಯಲ್ಲೂ ಹಬ್ಬವೇ. ಫೋನಿನಲ್ಲಿ ಕೇಳಿದವರ ಶೀರ್‌ಖುರ್ಮಾ ಸಪ್ಪೆಯಾಗುವುದಿಲ್ಲ. ಆದರೆ ಸೂರ್ಯ ಮುಳುಗಿದ ಎಷ್ಟು ಹೊತ್ತಿಗೆ, ಯಾವ ಕಡೆ, ಎಷ್ಟು ಎತ್ತರದಲ್ಲಿ ನೋಡಬೇಕು ಎಂಬ ಅರಿವು ಮಾಳಿಗೆ ಹತ್ತಿದವರಿಗೆ ಮಾತ್ರ. ಊರಿನಲ್ಲಿ ಒಬ್ಬರೂ ಮಾಳಿಗೆ ಹತ್ತದಿದ್ದರೆ ಫೋನಿನಲ್ಲಿ ಹೇಳುವ ಸುದ್ದಿಯಾದರೂ ಎಲ್ಲಿಂದ ಬರಬೇಕು? ಹ್ಯಾಮ್ ರೇಡಿಯೋದ ಮಾತೂ ಹೀಗೆಯೇ.

ಜಾಲ ಹರಿದ ದಿನ

ಈ ಚರ್ಚೆ ಬರೀ ಹವ್ಯಾಸಿಗಳ ಮಾತಿನ ಮೋಜಲ್ಲ. ಇದರ ಬೆಲೆ ತಿಳಿಯುವುದು ಆಪತ್ತಿನ ದಿನ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಎಂಬ ಹೆಣ್ಣುಮಗಳು ತಮ್ಮ ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಬಹಳ ವರ್ಷಗಳಿಂದ ಅಲ್ಲಿಂದ ಹವ್ಯಾಸಿ ಪ್ರಸಾರಕ್ಕೆ ಅನುಮತಿ ಸಿಕ್ಕಿರಲಿಲ್ಲ. ಜಗತ್ತಿನ ಹ್ಯಾಮ್‌ಗಳೆಲ್ಲ ಆ ದ್ವೀಪದ ಸಂಪರ್ಕಕ್ಕಾಗಿ ಕಾದಿದ್ದರು. ಅವರು ಹೋದದ್ದು ಹವ್ಯಾಸಕ್ಕೆ. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು. ಫೋನುಗಳು ನಿಂತವು. ಹವ್ಯಾಸಕ್ಕೆಂದು ಒಯ್ದಿದ್ದ ಅದೇ ಸೆಟ್ಟು, ಅದೇ ಆಂಟೆನಾ ಅಂದು ದ್ವೀಪಕ್ಕೂ ಭೂಭಾಗಕ್ಕೂ ನಡುವಿನ ದನಿಯಾಯಿತು. ಬದುಕಿದ್ದೇವೆ ಎಂಬ ಸುದ್ದಿ ಎಷ್ಟೋ ಮನೆಗಳಿಗೆ ಅದರಿಂದ ಮುಟ್ಟಿತು.

ಅಂದು ಆ ತಂಡದ ಬಳಿ ಬರೀ ಇಂಟರ್‌ನೆಟ್ ನಂಬಿದ ಪೆಟ್ಟಿಗೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೀವೇ ಯೋಚಿಸಿ. ಫೋನಿನ ತಂತಿ ಹರಿದ ಕಡೆ ಆ ಪೆಟ್ಟಿಗೆಯೂ ಮೂಕ. ಇದು ಯಂತ್ರವನ್ನು ಬೈಯುವ ಮಾತಲ್ಲ. ಯಾವ ಕೆಲಸಕ್ಕೆ ಯಾವ ಸಲಕರಣೆ ಎಂಬ ವಿವೇಕದ ಮಾತು.

ಹಾಗೆಂದು ಡಿಜಿಟಲ್ ದನಿಯೆಲ್ಲ ಆಪತ್ತಿಗೆ ನಿಷ್ಪ್ರಯೋಜಕ ಎಂದಲ್ಲ. ಗುಡ್ಡದ ಮೇಲೆ ಬ್ಯಾಟರಿ ಅಥವಾ ಸೌರಶಕ್ತಿಯಿಂದ ನಡೆಯುವ ಡಿಎಂಆರ್ ರಿಪೀಟರ್ ಇದ್ದರೆ, ಇಂಟರ್‌ನೆಟ್ ಹೋದರೂ ಸುತ್ತಲಿನ ಊರುಗಳ ನಡುವೆ ಅದು ಮಾತು ದಾಟಿಸುತ್ತದೆ. ಬಯಲಿನಲ್ಲಿ 9 ಮೀಟರ್ ಎತ್ತರದ ಆಂಟೆನಾಗೆ ರೇಡಿಯೋ ದಿಗಂತ ಸುಮಾರು 12 ಕಿಲೋಮೀಟರ್. ಎದುರಿನವರ ಆಂಟೆನಾವೂ ಅಷ್ಟೇ ಎತ್ತರ ಇದ್ದರೆ ಇಬ್ಬರ ನಡುವೆ ಹೆಚ್ಚೆಂದರೆ 25 ಕಿಲೋಮೀಟರ್. ಅದೇ ಆಂಟೆನಾ ಸುತ್ತಲ ಬಯಲಿಗಿಂತ 200 ಮೀಟರ್ ಎತ್ತರದ ಗುಡ್ಡವೇರಿದರೆ ದಿಗಂತ 58 ಕಿಲೋಮೀಟರಿಗೆ ಹಿಗ್ಗುತ್ತದೆ. ಚಿತ್ರದುರ್ಗದ ಕಡೆಯ ಗುಡ್ಡಗಳನ್ನು ಕಂಡ ನಿಮಗೆ ಎತ್ತರದ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇಂಟರ್‌ನೆಟ್ ಹಾದಿಯ ಪರವಾದ ಮಾತು

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಲ್ಲರಿಗೂ ಎರಡು ತೆಂಗಿನ ಮರ ಇರುವುದಿಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿ ನಾಲ್ಕು ಜನರ ಕೋಣೆಯಲ್ಲಿ ಓದುವ ಹುಡುಗ ತಂತಿ ಎಲ್ಲಿ ಕಟ್ಟಬೇಕು? ಬಾಡಿಗೆ ಮನೆಯ ಮಾಲೀಕರು ಆಂಟೆನಾ ಕಂಡರೆ ಅನುಮಾನದಿಂದ ನೋಡುತ್ತಾರೆ. ಹಾಸಿಗೆ ಹಿಡಿದ ವೃದ್ಧ ಹವ್ಯಾಸಿಗೆ, ಮನೆಯಿಂದ ಹೊರಹೋಗಲು ಆಗದ ಅಂಗವಿಕಲರಿಗೆ ಹಾಟ್‌ಸ್ಪಾಟ್ ಒಂದು ಕಿಟಕಿ. ಗಲ್ಫಿನಲ್ಲೋ ಅಮೆರಿಕದಲ್ಲೋ ಇರುವ ಹವ್ಯಾಸಿಯೊಡನೆ ಕನ್ನಡದಲ್ಲಿ ಮಾತನಾಡುತ್ತಾ ಆಂಟೆನಾ ಕಟ್ಟುವ ಉಪಾಯ ಕೇಳಿ ತಿಳಿಯಬಹುದು. ಗುರು ಹತ್ತಿರವಿಲ್ಲದ ಊರಿನ ಶಿಷ್ಯನಿಗೆ ಇದು ಸಣ್ಣ ಲಾಭವಲ್ಲ.

ಬಾಹ್ಯಾಕಾಶದ ಉದಾಹರಣೆಯೂ ಇದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಯಾತ್ರಿಗಳು ಹ್ಯಾಮ್ ರೇಡಿಯೋ ಮೂಲಕ ಶಾಲಾ ಮಕ್ಕಳೊಡನೆ ಮಾತನಾಡುವ ಕಾರ್ಯಕ್ರಮವೊಂದು ಬಹಳ ವರ್ಷಗಳಿಂದ ನಡೆದಿದೆ. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಅವರೂ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಡನೆ ಹೀಗೆ ಮಾತನಾಡಿದರು. ಈ ಕಾರ್ಯಕ್ರಮದಲ್ಲಿ ಎರಡು ವಿಧಾನಗಳಿವೆ. ಶಾಲೆಯಲ್ಲಿಯೇ ಆಂಟೆನಾ ಇಟ್ಟು ನೇರವಾಗಿ ಮಾತನಾಡುವುದು ಒಂದು. ಬೇರೆ ದೇಶದ ಹವ್ಯಾಸಿಯ ಕೇಂದ್ರ ನಿಲ್ದಾಣದ ತರಂಗ ಹಿಡಿದು, ಅದನ್ನು ದೂರವಾಣಿ ಅಥವಾ ಇಂಟರ್‌ನೆಟ್ ಮೂಲಕ ಶಾಲೆಗೆ ಮುಟ್ಟಿಸುವುದು ಇನ್ನೊಂದು. ಎರಡನೆಯ ವಿಧಾನದಲ್ಲಿ ಮಾತನಾಡಿದ ಮಗುವಿಗೆ 'ನಿನ್ನದು ಸುಳ್ಳು ಸಂಪರ್ಕ' ಎಂದು ಯಾವ ಹಿರಿಯರೂ ಹೇಳಲಾರರು. ಆ ಮಗು ನಾಳೆ ತಾನೇ ಆಂಟೆನಾ ಕಟ್ಟಲು ಹೊರಟರೆ ಇಂಟರ್‌ನೆಟ್ ತನ್ನ ಕೆಲಸ ಮಾಡಿದಂತೆ.

ಹಾಗಾದರೆ ತೀರ್ಪು ಏನು? ನನ್ನ ಅಭಿಪ್ರಾಯ ಇಷ್ಟು. ಇಂಟರ್‌ನೆಟ್ ಜೋಡಿಸಿದ ಡಿಜಿಟಲ್ ದನಿ ಹ್ಯಾಮ್ ರೇಡಿಯೋದ ಅಂಗಳದೊಳಗೆ ಇದೆ, ಆದರೆ ಅದು ಅಂಗಳ ಮಾತ್ರ, ಮನೆಯಲ್ಲ. ಅಂಗಳಕ್ಕೆ ಬಂದವರನ್ನು ಹಳಬರು ಬಾಗಿಲಲ್ಲೇ ತಡೆಯಬಾರದು. ಅಂಗಳಕ್ಕೆ ಬಂದವರೂ ಮನೆ ನೋಡಿ ಆಯಿತು ಎಂದು ತಿಳಿಯಬಾರದು. ಸೈಕಲ್ ತುಳಿದು ಜಗಳೂರಿಗೆ ಹೋದವನೂ ಬಸ್ಸಿನಲ್ಲಿ ಹೋದವನೂ ಸೇರುವುದು ಒಂದೇ ಸಂತೆಗೆ. ಕಾಲಿಗೆ ಬಲ ಬರುವುದು ತುಳಿದವನಿಗೆ.

ಸೊಕ್ಕೆಯ ವಿದ್ಯಾರ್ಥಿಗಳಿಗೆ ಕೆಲವು ಮಾತು

ಈಗ ನೀವು ಮಾಡಬಹುದಾದದ್ದನ್ನು ಹೇಳುತ್ತೇನೆ.

ಮೊದಲು ಕೇಳುವುದನ್ನು ಕಲಿಯಿರಿ. ನಿಮ್ಮ ಅಜ್ಜಂದಿರು ಭದ್ರಾವತಿ ಆಕಾಶವಾಣಿಯನ್ನು ಕಿವಿಗೊಟ್ಟು ಕೇಳಿ ಬೆಳೆದವರು. ಇರುಳಿನಲ್ಲಿ ದೂರದ ಕೇಂದ್ರಗಳು ಯಾಕೆ ಕೇಳುತ್ತವೆ ಎಂದು ಅವರನ್ನು ಕೇಳಿ, ಆಮೇಲೆ ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿ. ಫೋನಿನಲ್ಲಿ ಇಂಟರ್‌ನೆಟ್ ಇದ್ದರೆ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಎಲ್ಲರಿಗೂ ತೆರೆದಿಟ್ಟಿರುವ ರೇಡಿಯೋ ಗ್ರಾಹಕವನ್ನು ಬಳಸಿ ಯುರೋಪಿನ ಹ್ಯಾಮ್‌ಗಳ ಮಾತನ್ನು ಕಾಸು ಖರ್ಚಿಲ್ಲದೆ ಕೇಳಬಹುದು. ನೋಡಿ, ಇಲ್ಲಿ ಇಂಟರ್‌ನೆಟ್ಟೇ ನಿಮಗೆ ರೇಡಿಯೋ ಕಲಿಸುತ್ತಿದೆ. ಏಣಿಯನ್ನು ಏಣಿಯಾಗಿ ಬಳಸಿ, ಅದರ ಮೇಲೆಯೇ ಸಂಸಾರ ಹೂಡಬೇಡಿ.

ಎರಡನೆಯದಾಗಿ, ಪರವಾನಗಿ ಮುಂಚೆ, ಸೆಟ್ಟು ಆಮೇಲೆ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಅಗ್ಗದ ಕೈಸೆಟ್ಟುಗಳು ಕಣ್ಣಿಗೆ ಬೀಳುತ್ತವೆ. ಪರವಾನಗಿ ಇಲ್ಲದೆ ಅವನ್ನು ಕೊಂಡು ಮಾತನಾಡುವುದು ಅಪರಾಧ. ಅನುಮತಿ ಇಲ್ಲದ ವಾಕಿಟಾಕಿಗಳ ಆನ್‌ಲೈನ್ ಮಾರಾಟ ತಡೆಯಲು 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೇ ಹೊರಡಿಸಿದೆ. ಕುತೂಹಲದಿಂದ ಕೊಂಡ ಒಂದು ಸೆಟ್ಟು ಬಡವರ ಮನೆಯ ಹುಡುಗನನ್ನು ಠಾಣೆಯ ಮೆಟ್ಟಿಲು ಹತ್ತಿಸಿದರೆ ಅವನ ಓದಿಗೂ ಮನೆತನಕ್ಕೂ ಆಗುವ ಪೆಟ್ಟು ದೊಡ್ಡದು. ಕಾಗದ ಕೈಯಲ್ಲಿದ್ದರೆ ಅದೇ ಸೆಟ್ಟು ಗೌರವದ ಗುರುತು.

ಪರೀಕ್ಷೆಗೆ ಹೆದರಬೇಕಿಲ್ಲ. 12 ವರ್ಷ ತುಂಬಿದವರು ಬರೆಯಬಹುದು. ದೂರಸಂಪರ್ಕ ಇಲಾಖೆ ಪರೀಕ್ಷೆ ನಡೆಸುತ್ತದೆ. ಎರಡು ದರ್ಜೆಗಳಿವೆ. ನಿರ್ಬಂಧಿತ ದರ್ಜೆಗೆ ಮೋರ್ಸ್ ಬೇಕಿಲ್ಲ, ಅವರ ಕಾಲ್‌ಸೈನ್ ವಿಯು3 ಎಂದು ಆರಂಭವಾಗುತ್ತದೆ. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಬರಬೇಕು, ಅವರದು ವಿಯು2. ಪ್ರಶ್ನೆಗಳು ಪ್ರೌಢಶಾಲೆ ಮತ್ತು ಪಿಯುಸಿ ಭೌತಶಾಸ್ತ್ರದ ಮಟ್ಟದವು, ಜೊತೆಗೆ ನಿಯಮಗಳು. ಬೆಂಗಳೂರಿನಲ್ಲಿ ಭಾರತೀಯ ಹ್ಯಾಮ್ ಸಂಸ್ಥೆ ಇದಕ್ಕೆ ತರಬೇತಿ ನೀಡುತ್ತಾ ಬಂದಿದೆ.

ಮೂರನೆಯದಾಗಿ, ಇಂಟರ್‌ನೆಟ್ ಜೋಡಣೆ ಮಾಡುವ ಮುಂಚೆ ನಿಮ್ಮ ಪರವಾನಗಿಯ ಷರತ್ತುಗಳನ್ನು ಸಾಲು ಸಾಲಾಗಿ ಓದಿ. 2023ರ ಹೊಸ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಹಳೆಯ ನಿಯಮಗಳು ಹೊಸ ರೂಪ ಪಡೆಯುವ ಕಾಲ ಇದು. ಅನುಮಾನವಿದ್ದರೆ ಇಲಾಖೆಗೆ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿ ಇಡಿ. ಅವರಿವರು ಮಾಡುತ್ತಾರೆ ಎಂಬುದು ಅನುಮತಿಯಲ್ಲ.

ನಾಲ್ಕನೆಯದು ಸಂಘದ ಹಿರಿಯರಿಗೆ ನನ್ನ ವಿನಂತಿ. ಮುಂದೆ ಎಂದಾದರೂ ಮಕ್ಕಳಿಗೆ ರೇಡಿಯೋ ಕಲಿಸಲು ಸ್ವಲ್ಪ ಹಣ ತೆಗೆದಿಟ್ಟರೆ, ಮೊದಲ ಹಣ ತಂತಿಗೆ, ಬೆಸುಗೆ ಕಡ್ಡಿಗೆ, ಒಂದು ಒಳ್ಳೆಯ ಗ್ರಾಹಕಕ್ಕೆ, ಪರೀಕ್ಷೆಯ ಶುಲ್ಕಕ್ಕೆ ಹೋಗಲಿ. ಗಣಕಯಂತ್ರಕ್ಕೆ ಚುಚ್ಚುವ ಬೆರಳುದ್ದದ ಗ್ರಾಹಕವೊಂದಿದ್ದರೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾರಿಹೋಗುವ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ತರಂಗವನ್ನು 145.800 ಮೆಗಾಹರ್ಟ್ಸಿನಲ್ಲಿ ಮಕ್ಕಳೇ ಮಾಡಿದ ಆಂಟೆನಾದಿಂದ ಹಿಡಿಯಬಹುದು. ಹಾಟ್‌ಸ್ಪಾಟ್ ಕೊನೆಯಲ್ಲಿ ಬರಲಿ. ಹಾಗೆ ಬಂದಾಗ ಅದು ಆಟಿಕೆಯಾಗುವುದಿಲ್ಲ, ಸಲಕರಣೆಯಾಗುತ್ತದೆ. ಈ ಅವಕಾಶ ಹೆಣ್ಣುಮಕ್ಕಳಿಗೂ ಸಮನಾಗಿ ಸಿಗಲಿ. ಪೋರ್ಟ್ ಬ್ಲೇರಿನಲ್ಲಿ ಅಂದು ಮೈಕು ಹಿಡಿದವರು ಒಬ್ಬ ಹೆಣ್ಣುಮಗಳು ಎಂಬುದನ್ನು ಮರೆಯುವುದು ಬೇಡ.

ಪ್ರಿಯ ವಿದ್ಯಾರ್ಥಿಗಳೇ, ಯಾರಾದರೂ ನಿಮ್ಮನ್ನು 'ನಿನ್ನದು ನಿಜವಾದ ಹ್ಯಾಮ್ ರೇಡಿಯೋವೇ?' ಎಂದು ಕೇಳಿದರೆ ಜಗಳಕ್ಕೆ ಇಳಿಯಬೇಡಿ. ಈ ಮಾತನ್ನು ದಾಟಿಸಿದ್ದು ಯಾವುದು ಎಂದು ನನಗೆ ಗೊತ್ತು, ಅದು ಕೆಟ್ಟರೆ ಏನು ಮಾಡಬೇಕೆಂದೂ ಗೊತ್ತು ಎಂದು ಹೇಳುವಷ್ಟು ಕಲಿಯಿರಿ. ಹಾಗೆ ಹೇಳಬಲ್ಲವರು ಯಾವ ಯಂತ್ರ ಹಿಡಿದರೂ ನಿಜವಾದ ಹವ್ಯಾಸಿಯೇ. ಹೇಳಲಾರದವರ ಮಾಳಿಗೆಯ ಮೇಲೆ ಎಷ್ಟೇ ಎತ್ತರದ ಆಂಟೆನಾ ಇದ್ದರೂ ಅದು ಬಟ್ಟೆ ಒಣಹಾಕುವ ತಂತಿಯಷ್ಟೇ.

 ನಿಮ್ಮ ಓದು ಫಲಿಸಲಿ.